ನಳಾ ಬಂದಾವ ಬರ್ರೇ

ಮೈಕ್ ಪರೀಕ್ಷೆ ಮಾಡುವವರು ‘ಹಲೋ, ಹಲೋ’ ಅನ್ನುತ್ತಾರೆ. ಹಾಡುಗಾರ್ತಿ ಶಶಕ್ಕ ಮಾತ್ರ ಸೊಂಟಕ್ಕೆ ಕೈಯಿಟ್ಟು, ಕತ್ತೆತ್ತಿ, “ನಳಾ ಬಂದಾವ ಬರ್ರೇ!” ಎಂದು ಒದರುತ್ತಿದ್ದಳು. ಗಂಗಾವತಿಯ ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬಿಟ್ಟಾಗ ಮೊದಲು ಕಂಡವರು ಹೀಗೆ ಕೂಗಿ ಉಳಿದವರನ್ನು ಕೊಡ ಸಮೇತ ಹೊರಗೆಳೆಯುವುದು ರೂಢಿ. ಸಣ್ಣವಳಿದ್ದಾಗಿನಿಂದ ಆ ಕೆಲಸ ಅವಳದೇ. ಕಲ್ಲಿಗೆ ಕಲ್ಲು ಉಜ್ಜಿದಂಥ ದನಿ ಕೊನೆಯ ಮನೆಯವರೆಗೂ ಮುಟ್ಟುತ್ತಿತ್ತು.

ವೇದಿಕೆಯ ಮೇಲೆ ಮೈಕ್ ಸರಿಯಾದ ಕೂಡಲೇ ಆ ದನಿ ಮಾಯ. ಖಾಜಾಸಾಬರ ಬ್ಯಾಂಡಿನಲ್ಲಿ ಅವಳು ಹಾಡುತ್ತಿದ್ದುದೆಲ್ಲ ಬೇರೆಯವರ ರಾಕ್ ಹಾಡು. ಮೂಲ ಗಾಯಕಿ ಎಲ್ಲಿ ಉಸಿರೆಳೆದಿದ್ದಾಳೋ ಇವಳೂ ಅಲ್ಲೇ ಎಳೆಯಬೇಕು. ಕೀಬೋರ್ಡ್ ನುಡಿಸುವ ಖಾಜಾಸಾಬರ ಶಾಸನ ಅದು: “ಮಂದಿ ಮೊಬೈಲ್‌ನಾಗ ಕೇಳಿದ್ದನ್ನ ಕೇಳಾಕ ಬರ್ತಾರವ್ವ. ಹಂಗ ಬರಬೇಕು, ಬಸ್.”

ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ನನ್ನ ತಲೆ ತಿರುಗಿದ್ದ ದಿನಗಳವು. ಊಟದ ಆಸೆಗೆ ಅವರ ವ್ಯಾನ್ ಹತ್ತುತ್ತಿದ್ದೆ. ಕುಷ್ಟಗಿಯ ಒಂದು ಮದುವೆ ಆರತಕ್ಷತೆಯಲ್ಲಿ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ: “ಅಕ್ಕಾ, ಮೈಕ್ ಟೆಸ್ಟ್ ಭಾಳ ಛಲೋ ಆತು. ಅಲ್ಲಿಗೇ ಮುಗಿಸಬೇಕಿತ್ತು.”

“ಯಾಕಪಾ ವಕೀಲ?” ನನ್ನನ್ನು ಕರೆಯುತ್ತಿದ್ದುದೇ ಹಾಗೆ.

“ಅದೊಂದ ನಿಂದು. ಉಳದದ್ದೆಲ್ಲಾ ಮಂದೀದು.”

ತನ್ನ ಎಲೆಯ ಜಿಲೇಬಿ ಎತ್ತಿ ನನ್ನ ಬಾಯಿಗೆ ತುರುಕಿದಳು. “ತಿನ್ನು. ಅಷ್ಟೊತ್ತರ ಸುಮ್ಕ ಇರ್ತಿ.”

ಹದಿನೈದು ದಿನ ಕಳೆದವು. ಆಮೇಲೊಂದು ಸಂಜೆ ಮಾಳಿಗೆಗೆ ಕರೆದು, ಗಿಟಾರ್ ಬಾರಿಸುತ್ತ ತನ್ನದೇ ಹಾಡು ಕೇಳಿಸಿದಳು. ಕೊಡಗಳ ಸಾಲು, ನಡುವೆ ನುಗ್ಗಿದವಳ ಜೊತೆ ಜಗಳ, ಕಡೆಗೆ ತುಂಬಿದ ಹಂಡೆಯ ಖುಷಿ. ಪಲ್ಲವಿಯಲ್ಲಿ ಆ ಕೂಗು. ಮೈ ಜುಮ್ಮೆಂದಿತು. ಬಾಯಿ ಮಾತ್ರ ಚಟ ಬಿಡಲಿಲ್ಲ: “ಯಾರಿಗೂ ಗೊತ್ತಿಲ್ಲದ ಹಾಡಿಗೆ ಚೀಟಿ ಯಾರು ಕಳಸ್ತಾರ?”

ಬೇಕಾದ ಹಾಡನ್ನು ಕೇಳುಗರು ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸುವ ಪದ್ಧತಿ ನಮ್ಮಲ್ಲಿ. ಬ್ಯಾಂಡಿನಲ್ಲಿ ಇದನ್ನು ಹಾಡಲೇ ಎಂದು ಅವಳು ಕೇಳಿದಾಗ ಖಾಜಾಸಾಬರೂ ಅದನ್ನೇ ಹಿಡಿದರು. “ನಾಕು ಪ್ರೋಗ್ರಾಮ್‌ನಾಗ ಒಂದೊಂದ್ಸಲ ಹಾಡು. ಮತ್ತ ಬೇಕಂತ ಒಂದರ ಚೀಟಿ ಬರಲಿ. ಬರಲಿಲ್ಲಂದ್ರ ಅದನ್ನ ಮನ್ಯಾಗ ಹಾಡ್ಕೊ.”

ಕೊಪ್ಪಳದಲ್ಲಿ ಬರಲಿಲ್ಲ. ಹುಲಿಹೈದರದಲ್ಲಿ ಬರಲಿಲ್ಲ. ತಳಕಲ್ಲಿನಲ್ಲಿ ಒಂದು ಬಂತು. ಊಟ ತಯಾರಿದೆ ಎಂದು ಮೈಕಿನಲ್ಲಿ ಹೇಳಿಬಿಡಿ ಎಂದಿತ್ತು.

ನಾಲ್ಕನೆಯದು ಯಲಬುರ್ಗಾ. ಅವಳ ಹಾಡು ಮುಗಿದು, ಬೇರೆಯವರ ಎರಡು ಹಾಡೂ ಮುಗಿದವು. ಆಗ ಬಂದ ಒಂದು ಚೀಟಿ ಓದಿದ ಖಾಜಾಸಾಬರು ನನ್ನತ್ತ ಕಣ್ಣು ಕೆಕ್ಕರಿಸಿದರು. “ಲೇ ವಕೀಲ, ಇದು ನಿನ್ನ ಕಿತಾಪತಿ ಹೌದಿಲ್ಲೋ?”

ನನ್ನದಾಗಿರಲಿಲ್ಲ. ನಾನೂ ಅನುಮಾನದಿಂದಲೇ ಇಸಿದುಕೊಂಡು ನೋಡಿದೆ. ಲಗ್ನಪತ್ರಿಕೆಯ ಹರಿದ ಲಕೋಟೆ. ಮುಟ್ಟಿದರೆ ಬೆರಳಿಗೆ ಮೆತ್ತುವ ದಪ್ಪ ಕಪ್ಪು ಅಕ್ಷರ. ಕಾಡಿಗೆ ಪೆನ್ಸಿಲಿನಲ್ಲಿ ಬರೆದದ್ದು. ‘ಆ ನಳದ ಹಾಡು ಇನ್ನೊಮ್ಮಿ ಹಾಡ್ರಿ. ಹಿಂದ ಕುಂತವ್ರಿಗೆ ಸರಿಯಾಗಿ ಕೇಳಲಿಲ್ಲ. ಹೆಂಗಸರ ಕಡಿಂದ.’

ಅಲ್ಲಿಯವರೆಗೆ ಬಂದ ಚೀಟಿಗಳೆಲ್ಲ ಮುಂದಿನ ಕುರ್ಚಿಯ, ಜೇಬಿನಲ್ಲಿ ಪೆನ್ನಿದ್ದ ಗಂಡಸರವು. ಹಿಂದೆ ಕೂತವರು ನನ್ನ ವಾದದ ಲೆಕ್ಕದಲ್ಲೇ ಇರಲಿಲ್ಲ.

“ಹಾಡವ್ವ,” ಎಂದರು ಖಾಜಾಸಾಬರು. ಅವಳು ಮೊದಲು ಒಂದು ಸ್ಪೀಕರನ್ನು ಹಿಂದೆ ಕೂತ ಹೆಂಗಸರತ್ತ ತಿರುಗಿಸಿದಳು, ಆಮೇಲೆ ಹಾಡಿದಳು. ಎರಡನೆಯ ಸಲ ಪಲ್ಲವಿ ಬಂದಾಗ ಅವಳು ಬಾಯಿ ತೆರೆಯುವ ಮೊದಲೇ ಹಿಂದಿನವರು ಕೂಗಿಬಿಟ್ಟರು.

ಈಗ ಅವಳು ಹುಬ್ಬಳ್ಳಿಯಲ್ಲಿದ್ದಾಳೆ. ಸ್ವಂತ ಬ್ಯಾಂಡು, ಎಲ್ಲ ಸ್ವಂತ ಹಾಡು. ಕಳೆದ ತಿಂಗಳು ಕೊಪ್ಪಳಕ್ಕೆ ಬಂದಾಗ ನೋಡಲು ಹೋದೆ. ಮೈಕ್ ಹಿಡಿದವಳು ಎಲ್ಲರ ಹಾಗೆ “ಹಲೋ, ಹಲೋ” ಎಂದಳು! ವೇದಿಕೆಯ ಬುಡಕ್ಕೇ ಹೋಗಿ ಆಕ್ಷೇಪ ಎತ್ತಿದೆ.

“ಈಗ ಅದು ಹಾಡು ಆಗೇತಲ್ಲೋ ವಕೀಲ,” ನಕ್ಕಳು. “ಸುಮ್‌ಸುಮ್ಕ ಒದರಂಗಿಲ್ಲ.”

ಓಣಿಯಲ್ಲಿ ಆ ಕೆಲಸ ಖಾಲಿ ಬಿದ್ದಿದೆ. ಮೊನ್ನೆ ನೀರು ಬಂದದ್ದು ಮೊದಲು ಕಂಡವನು ನಾನೇ. ಎದೆ ತುಂಬ ಉಸಿರೆಳೆದು ಕೂಗಿದೆ. ಎದುರುಮನೆಯ ಹುಡುಗಿ ಕೊಡ ಹಿಡಿದು ಬಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಅಣ್ಣಾ, ಶಶಕ್ಕನ ಹಾಡು ನಕಲು ಮಾಡಬ್ಯಾಡ. ನಿಂದೇನರ ಇದ್ರ ಒದರು.”