ಕೆರೆಬೀದಿಗೆ ಬಂದ ಹೆಣ್ಣು

ಇವತ್ತು ಬೆಳಿಗ್ಗೆ ಮೊಮ್ಮಗಳು ನಮ್ಮ ನಾಯಿ ಕೆಂಪಿಗೆ ಸ್ನಾನ ಮಾಡಿಸುತ್ತಿದ್ದಳು. ಸೀಗೆಪುಡಿ, ಚಿಟಿಕೆ ಅರಿಶಿನ, ಅದರ ಮೇಲೆ ನೆಂದ ನಾಯಿಯ ವಾಸನೆ... ಈ ವಾಸನೆಗೆ ಮೂಗು ಮುಚ್ಚುವವರೇ ಹೆಚ್ಚು. ನನಗೆ ಮಾತ್ರ ಎದುರುಮನೆ ಅಕ್ಕ ಬಂದು ಪಕ್ಕದಲ್ಲೇ ನಿಂತ ಹಾಗಾಯಿತು.

ಅಜ್ಜಂಪುರದಲ್ಲಿ ಯಾವ ನಾಯಿ ಎಲ್ಲಿ ಬಿದ್ದಿದ್ದರೂ ಸುದ್ದಿ ಮೊದಲು ಮುಟ್ಟುತ್ತಿದ್ದುದು ಆ ಅಕ್ಕನಿಗೆ. ಗೋಣಿಚೀಲದಲ್ಲಿ ಸುತ್ತಿಕೊಂಡು ಬರುವರು, ಪಶು ಆಸ್ಪತ್ರೆಗೆ ಒಯ್ಯುವರು, ಸೀಗೆಪುಡಿ, ಅರಿಶಿನ ಹಚ್ಚಿ ಮೀಯಿಸುವರು, ಗಂಜಿ ಕುಡಿಸಿ ಗುಣ ಮಾಡುವರು. ಆಮೇಲೆ ಒಂದು ಒಳ್ಳೆಯ ಮನೆ ಹುಡುಕಿ ಸಾಕಲು ಕೊಡುವರು. ಹಾಗೆ ಕೊಡುವುದಕ್ಕೆ ಅವರು ಅನ್ನುತ್ತಿದ್ದುದು, "ಹೆಣ್ಣು ಕೊಡೋದು" ಅಂತ. ಅಂದಮೇಲೆ ಶಾಸ್ತ್ರವೆಲ್ಲ ಆಗಲೇಬೇಕು. ಮೊದಲು ಹೋಗಿ ಮನೆ ನೋಡಬೇಕು, ಮನೆ ಒಪ್ಪಿದರೆ ಮಾತ್ರ ಅಲ್ಲಿ ಕಾಫಿ ಕುಡಿಯಬೇಕು. ಕಳಿಸುವಾಗ ನಾಯಿಯ ಹಣೆಗೆ ಕುಂಕುಮ, ಜೊತೆಗೆ ಒಂದು ಕುಪ್ಪಸದ ಕಣ, ಮಡಿಲಕ್ಕಿ. ಸಾಕುವ ಮನೆಯವರು ಅವತ್ತಿನಿಂದ ಬೀಗರು. ಗಂಡುನಾಯಿ ಆದರೆ ಏನು ಮಾಡ್ತೀರಿ ಅಕ್ಕ ಅಂತ ಒಮ್ಮೆ ಕೇಳಿದ್ದೆ. "ಮನೆ ಅಳಿಯ ಅಂತ ಕಳಿಸ್ತೀನಿ ಕಣೇ, ಅದಕ್ಕೇನು?" ಅಂದಿದ್ದರು, ನಗದೆ.

ಕೆಂಪಿ ಅವರಿಗೆ ಸಿಕ್ಕಿದ್ದು ತರೀಕೆರೆ ರಸ್ತೆಯ ಬದಿಯಲ್ಲಿ. ಯಾವುದೋ ಗಾಡಿ ಬಡಿದು ಮುಂದಿನ ಬಲಗಾಲು ಹೋಗಿತ್ತು. ಮೂರು ಕಾಲಲ್ಲಿ ಎದ್ದು ನಿಂತ ದಿನ ಅವಳು ಮೊದಲು ಕುಂಟಿಕೊಂಡು ಬಂದದ್ದು ನನ್ನ ಮೊಮ್ಮಗಳ ಹತ್ತಿರ. ಅಲ್ಲಿಗೆ ಮುಗಿಯಿತು. ನಮ್ಮ ಹುಡುಗಿಗೆ ಊಟ ಬೇಡ, ಆಟ ಬೇಡ, ಕೆಂಪಿ ಬೇಕು. ನಮ್ಮ ಮನೆಗೇ ಕೊಡಿ ಅಂತ ನಾನು ಕೇಳಿದೆ. ಅಕ್ಕ ಖಡಾಖಂಡಿತ ಆಗಲ್ಲ ಅಂದರು.

"ಒಂದೇ ಬೀದೀಲಿ ಹೆಣ್ ಕೊಟ್ಟು ತಂದು ಮಾಡಿದ್ರೆ ಉದ್ಧಾರ ಆಗಲ್ಲ ಕಣೇ. ಬೆಳಿಗ್ಗೆ ಅತ್ತೆ ಗದರಿದ್ರೆ ಮಧ್ಯಾಹ್ನಕ್ಕೆ ತವರು ಬಾಗಿಲಲ್ಲಿ ಬಂದು ಕೂತಿರ್ತಾಳೆ. ಆಮೇಲೆ ನಿಂಗೂ ನಂಗೂ ಮಾತು ಬಿಟ್ಟುಹೋಗುತ್ತೆ."

ಮೊಮ್ಮಗಳು ಅತ್ತು ಅತ್ತು ಕಣ್ಣು ಊದಿಸಿಕೊಂಡಳು. ಅಕ್ಕ ಜಗ್ಗಲಿಲ್ಲ. ಬೇರೆ ಊರಲ್ಲಿ ಸಂಬಂಧ ನೋಡತೊಡಗಿದರು. ಕಡೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಬಂದು, ಮೂರು ಕಾಲಿನದು ಕಾವಲಿಗೆ ಆಗುತ್ತಾ ಅಂದುಬಿಟ್ಟರು. "ನಿಮ್ ಮನೆ ಸೊಸೇನೂ ಕಾವಲಿಗೇ ತಂದಿದ್ರಾ?" ಅಂದರು ಅಕ್ಕ. ಆ ಮನುಷ್ಯ ಚಪ್ಪಲಿ ಸರಿಯಾಗಿ ಮೆಟ್ಟದೆ ಹೊರಟರು.

ತರೀಕೆರೆಯ ಮನೆ ಮಾತ್ರ ಕೂಡಿಬಂದ ಹಾಗೇ ಇತ್ತು. ನನ್ನ ಮಗನದು ಲಗೇಜ್ ಆಟೊ. ಅದರಲ್ಲಿ ಕೆಂಪಿಯನ್ನೂ ಮಡಿಲಕ್ಕಿಯನ್ನೂ ಇಟ್ಟುಕೊಂಡು ಅಕ್ಕ, ನಾನು ಹೋದೆವು. ಚೆಂದದ ಮನೆ, ನಗುಮುಖದ ಜನ. ಆದರೆ ಅಕ್ಕನ ಕಣ್ಣು ಗೋಡೆಯ ಬುಡಕ್ಕೆ ಹೋಯಿತು. ಅಲ್ಲಿ ಹೊಸದಾಗಿ ಒಂದು ಕಬ್ಬಿಣದ ಬಳೆ ಹೊಡೆದು, ಗಿಡ್ಡ ಸರಪಳಿ ಸಿಕ್ಕಿಸಿದ್ದರು. ಕಾಫಿ ಬಂತು. ಅಕ್ಕ ಲೋಟ ಮುಟ್ಟಲಿಲ್ಲ. "ಬೇಜಾರ್ ಮಾಡ್ಕೋಬೇಡಿ, ಋಣಾನುಬಂಧ ಇಲ್ಲ" ಅಂತ ಎದ್ದರು. ನಾನೂ ಎದ್ದೆ. ಹೆಣ್ಣು ಮಾತ್ರ ಅಷ್ಟರಲ್ಲಿ ಬೀಗರ ಮನೆಯ ಒಂದು ಬಟ್ಟಲು ಹಾಲು ಕುಡಿದು, ತಟ್ಟೆಯ ಬಿಸ್ಕತ್ತು ಮುಗಿಸಿ, ಇನ್ನೇನಿದೆ ಅಂತ ನೋಡುತ್ತಿತ್ತು. ಬರುವಾಗ ದಾರಿಯುದ್ದಕ್ಕೂ ಅಕ್ಕ ಅವಳನ್ನು ಬೈದರು. "ಮಾನ ಕಳೆದುಬಿಟ್ಟೆಯಲ್ಲೇ, ನಾನೇನು ಮನೇಲಿ ಉಪವಾಸ ಕೆಡವಿದ್ನಾ?"

ಕೆಂಪಿ ವಾಪಸು ಬಂದದ್ದು ನೋಡಿ ಮೊಮ್ಮಗಳು ಕುಣಿದೇ ಕುಣಿದಳು. ಆದರೆ ಅದೇ ವಾರ ಬುಕ್ಕಾಂಬುಧಿಯವರೊಬ್ಬರು ಕೇಳಿಕೊಂಡು ಬಂದರು. ಒಳ್ಳೆಯ ಜನ, ಸರಪಳಿ ಗಿರಪಳಿ ಇಲ್ಲ. ಮನೆ ನೋಡಲು ಸೋಮವಾರ ಬರುತ್ತೇನೆ ಅಂತ ಅಕ್ಕ ಮಾತು ಕೊಟ್ಟುಬಿಟ್ಟರು. ಅವರು ಅಲ್ಲಿ ಒಂದು ಗುಟುಕು ಕಾಫಿ ಕುಡಿದರೆ ನಮ್ಮ ಹುಡುಗಿಯ ಆಸೆ ಮಣ್ಣಾಯಿತು ಅಂತಲೇ ಲೆಕ್ಕ.

ಭಾನುವಾರ ಬೆಳಿಗ್ಗೆ ಕಸ ಚೆಲ್ಲಲು ಹಿತ್ತಲ ಬಾಗಿಲು ತೆಗೆದೆ. ಎದುರಿಗೆ ಕೆರೆಬೀದಿ. ಮುಂಬಾಗಿಲು ಅಕ್ಕನ ಬೀದಿಗಾದರೆ ಹಿತ್ತಲ ಬಾಗಿಲು ಬೇರೆಯೇ ಬೀದಿಗೆ! ಕಸದ ಪುಟ್ಟಿ ಅಲ್ಲೇ ಇಟ್ಟು, ಸೆರಗು ಸರಿಮಾಡಿಕೊಂಡು, ಸುತ್ತು ಹಾಕಿ ಅಕ್ಕನ ಮನೆಗೆ ಹೋದೆ.

"ಅಕ್ಕಾ, ನಾವು ಕೆರೆಬೀದಿಯೋರು. ನಿಮ್ಮನೇಲಿ ಒಂದು ಹೆಣ್ಣಿದೆಯಂತೆ, ಕೇಳ್ಕೊಂಡು ಹೋಗಾಣ ಅಂತ ಬಂದೆ."

ಅಕ್ಕ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. ನನ್ನನ್ನೇ ನೋಡಿದರು, ನಮ್ಮ ಮನೆಯನ್ನು ನೋಡಿದರು. "ಮನೆ ನೋಡ್ದೆ ಹೇಳಕ್ಕಾಗಲ್ಲ" ಅಂದರು ಕೊನೆಗೆ.

ನಾನು ಈ ಮನೆಗೆ ಮದುವೆಯಾಗಿ ಬಂದಾಗಿನಿಂದ ನಮ್ಮ ಅಡುಗೆಮನೆಯಲ್ಲಿ ಕೂತು ಮಾತಾಡಿದ ಹೆಂಗಸು ಅವತ್ತು ಹಿತ್ತಲ ಬಾಗಿಲಿಂದ ಬಂದು, ಹೊಸಬರ ಹಾಗೆ ಚಾಪೆಯ ತುದಿಯಲ್ಲಿ ಕೂತರು. ಮನೇಲಿ ಎಷ್ಟು ಜನ ಅಂದರು. ನೀರಿಗೆ ತೊಂದರೆ ಇಲ್ಲವಾ ಅಂದರು. ನಾನೂ ಬಿಗುಮಾನದಿಂದ ಒಂದೊಂದಕ್ಕೇ ಉತ್ತರ ಕೊಟ್ಟೆ. ನನ್ನ ಮಗ ನಗು ತಡೆಯಲಾರದೆ ಆಚೆ ಹೋಗಿ ಆಟೊ ಒರೆಸತೊಡಗಿದ.

"ಅತ್ತೆ ಯಾರು?" ಅಂದರು ಅಕ್ಕ.

"ನಾನೇ ಅತ್ತೆ" ಅಂತ ನನ್ನ ಮೊಮ್ಮಗಳು ಮುಂದೆ ಬಂದಳು. ಒಂದನೇ ಕ್ಲಾಸಿನ ಯೂನಿಫಾರಂ ಹಾಕಿಕೊಂಡಿದ್ದಳು, ಭಾನುವಾರ ಆದರೂ, ಇರುವುದರಲ್ಲಿ ಅದೇ ಮರ್ಯಾದೆಯ ಬಟ್ಟೆ ಅಂತ.

"ಸೊಸೆ ತಪ್ಪು ಮಾಡಿದ್ರೆ ಏನ್ಮಾಡ್ತೀಯವ್ವ?"

"ನಾನೂ ಅವಳ ಜೊತೆ ಮಾಡ್ತೀನಿ."

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಕ್ಕರೋ, ಅತ್ತರೋ... ಕೈ ಚಾಚಿ ಕಾಫಿ ಲೋಟ ತೆಗೆದುಕೊಂಡರು. ಅವರು ಒಂದು ಗುಟುಕು ಕುಡಿದದ್ದೇ ತಡ, ನಮ್ಮ ಹುಡುಗಿ ಕಿರುಚಿದ್ದಕ್ಕೆ ಸೂರಿನ ಗುಬ್ಬಿಗಳೆಲ್ಲ ಹಾರಿಹೋದವು. ಬುಕ್ಕಾಂಬುಧಿಯವರಿಗೆ ಆಮೇಲೆ ಅಕ್ಕ ಒಬ್ಬ ಮನೆ ಅಳಿಯನನ್ನು ಹೊಂದಿಸಿಕೊಟ್ಟರು.

ರಸ್ತೆ ದಾಟಿಸಿ ಕಳಿಸಿದರೆ ದಿಬ್ಬಣ ಅನ್ನಿಸೀತೇ? ಮಗನ ಆಟೊದಲ್ಲಿ ಕೆಂಪಿಯನ್ನು ಕೂರಿಸಿ, ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಎಲ್ಲ ಸುತ್ತಿ ಕೆರೆಬೀದಿಗೆ ಕರೆತಂದರು. ಆಟೊ ಹೊರಟಾಗ ಶುರುವಾದ ಅಕ್ಕನ ಅಳು ನಮ್ಮ ಹಿತ್ತಲಿಗೆ ಬಂದರೂ ನಿಂತಿರಲಿಲ್ಲ. ಹೊಸ್ತಿಲ ಮೇಲೆ ಸೇರಕ್ಕಿ ಇಟ್ಟು, ಮೇಲೆ ಬೆಲ್ಲದಚ್ಚು ಇಟ್ಟಿದ್ದೆ. ಬಲಗಾಲಲ್ಲಿ ಒದೆಯಬೇಕಾದ ಸೊಸೆ ಮೊದಲು ಬೆಲ್ಲ ತಿಂದಳು. ಆಮೇಲೆ ತಳದಲ್ಲೇನಾದರೂ ಇದೆಯೋ ಅಂತ ಮೂತಿ ಹಾಕಿ ಸೇರನ್ನು ಉರುಳಿಸಿದಳು. ಶಾಸ್ತ್ರ ಆಯಿತು ಅಂದರು ಅಕ್ಕ.

ಸಂಜೆಗೆ ಕೆಂಪಿ ನಮ್ಮ ಮುಂಬಾಗಿಲಿಂದ ಹೊರಟು ಅಕ್ಕನ ಜಗಲಿ ಹತ್ತಿ ಕೂತಿದ್ದಳು. "ಹಬ್ಬಕ್ಕೆ ಬಾರೇ, ಈಗ ಹೋಗು" ಅಂತ ಅಕ್ಕ ಬಾಗಿಲು ಹಾಕಿಕೊಂಡರು. ಮರುಗಳಿಗೆಯಲ್ಲಿ ಕಿಟಕಿ ತೆರೆಯಿತು, ಒಂದು ರೊಟ್ಟಿ ಹೊರಗೆ ಬಂತು. ಅಕ್ಕ ಹೇಳಿದ್ದು ನಿಜವೇ ಆಯಿತು. ನಾನು ಕೆಂಪಿಯ ಮೇಲೆ ಒಂದು ಸಲ ದನಿ ಎತ್ತಿದರೆ ಸಾಕು, ಎದುರು ಬಾಗಿಲಲ್ಲಿ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿರುವರು. "ಏನಂತೆ ನಮ್ ಹುಡುಗೀದು ತಪ್ಪು?" ನಾನು, "ನಿಮ್ ಹುಡುಗಿ ಚಪ್ಪಲಿ ಕಡಿದಳು, ನೀವೇನ್ ಕಲಿಸಿದ್ರಿ?" ಅನ್ನುವೆ. ಬೀದಿಯಲ್ಲಿ ಎಲ್ಲರೂ ನಿಂತು ಕೇಳುವ ಹಾಗೆ ಜಗಳ ಆಡಿ, ಆಮೇಲೆ ಒಟ್ಟಿಗೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆವು. ಅಂಥ ಜಗಳ ನನ್ನ ಜನ್ಮದಲ್ಲಿ ಬೇರೆ ಯಾರ ಜೊತೆಯೂ ಆಡಿಲ್ಲ...

ಅಕ್ಕ ಹೋಗಿ ವರ್ಷವಾಗುತ್ತ ಬಂತು. ಜ್ವರ ಅಂತ ಮಲಗಿದವರು ಏಳಲಿಲ್ಲ. ಇವತ್ತು ಸ್ನಾನ ಮುಗಿದ ಕೂಡಲೇ ಕೆಂಪಿ ಒಳಗೆ ಓಡಿಬಂದು, ನಾನು ಆಗಷ್ಟೇ ಮಡಿಸಿಟ್ಟ ಬಟ್ಟೆಯ ಮೇಲೆ ಹೊರಳಾಡಿದಳು. ಬೈಯಲು ಬಾಯಿ ತೆರೆದೆ. ಎದುರುಮನೆ ಬಾಗಿಲಿಗೆ ಬೀಗ. ಕೇಳುವವರಿಲ್ಲದ ಹೆಣ್ಣನ್ನು ಏನಂತ ಬೈಯುವುದು? ಬಟ್ಟೆಗಳನ್ನು ಎತ್ತಿಕೊಂಡು ಹೋಗಿ ಮತ್ತೆ ನೀರಿಗೆ ಹಾಕಿದೆ.