ಪಾದ್ರಿಗಳು ಕೈ ಎತ್ತಿದಾಗ

ಯುದ್ಧದ ಕಾಲ, ಸಕ್ಕರೆ ಸಿಗುವುದೇ ಕಷ್ಟ. ಭದ್ರಾವತಿ ನ್ಯೂ ಟೌನಿನ ಒಂದು ಚರ್ಚಿನವರು ಕ್ರಿಸ್‌ಮಸ್‌ಗೆ ನುಡಿಸಲು ಶಿವಮೊಗ್ಗದಿಂದ ನಮ್ಮ ಮದುವೆ ಓಲಗವನ್ನೇ ಕರೆಸಿದರು. ನಾನು ಕ್ಲಾರಿನೆಟ್, ರಂಗಪ್ಪ ಡೋಲು. ಪಾದ್ರಿಗಳು ಹಾಡುಗಳನ್ನು ಕಲಿಸಿ ಕೇಳಿದರು: “ಯಾವ ಹಾಡು ಇಷ್ಟ, ಯಾಕೆ? ಪ್ರೀತಿ ಇಲ್ಲದವರು ನುಡಿಸೋದು ಬೇಡ.”

ಒಳಗಿನಿಂದ ಕೇಕಿನ ವಾಸನೆ ಬರುತ್ತಿತ್ತು. ಬಿಡುವುದುಂಟೇ?

“ತೊಟ್ಟಿಲ ಹಾಡು, ಸ್ವಾಮಿ. ನಮ್ಮಮ್ಮ ಇದೇ ಧಾಟೀಲಿ ನನ್ನ ಮಲಗಿಸ್ತಿದ್ರು,” ಎಂದೆ. ಅಮ್ಮ ಮಲಗಿಸುತ್ತಿದ್ದದ್ದು ಗುದ್ದಿ. ಆದರೂ ಪಾದ್ರಿಗಳ ಕಣ್ಣು ಒದ್ದೆಯಾಯಿತು.

ರಂಗಪ್ಪ ನಿಜವನ್ನೇ ಹೇಳಿದ: “ನಂಗೂ ಅದೇ ಇಷ್ಟ. ಅದ್ರಲ್ಲಿ ಡೋಲಿಲ್ಲ, ಎಲೆ ಅಡಿಕೆ ಹಾಕ್ಕೋಬಹುದು.”

ಪಾದ್ರಿಗಳು ನಕ್ಕು ಒಪ್ಪಿದರು.

ಹಬ್ಬದ ದಿನ ತೊಟ್ಟಿಲ ಹಾಡು ಮುಗಿಯುತ್ತಿದ್ದಂತೆ ಪಾದ್ರಿಗಳು ಆಶೀರ್ವದಿಸಲು ಕೈ ಎತ್ತಿದರು. ಮದುವೆಯಲ್ಲಿ ಪುರೋಹಿತರು ಕೈ ಎತ್ತಿದರೆ ತಾಳಿ ಕಟ್ಟುವ ಹೊತ್ತು. ರಂಗಪ್ಪ ಬಾಯಲ್ಲಿ ಎಲೆ ಇಟ್ಟುಕೊಂಡೇ ಗಟ್ಟಿಮೇಳ ಬಾರಿಸಿಬಿಟ್ಟ. ಜೊತೆಗಾರನನ್ನು ಒಂಟಿ ಬಿಡಬಾರದೆಂದು ನಾನೂ ಊದಿದೆ. ಮುಂದೆ ಕೂತಿದ್ದ ಅಜ್ಜಿ ಕೈಲಿದ್ದ ಹೂವನ್ನು ಅಕ್ಷತೆಯಂತೆ ಎರಚಿದರು.

“ಕೇಕು ಹೋಯ್ತಲ್ಲೋ ಮಾರಾಯ,” ಎಂದೆ.

ಹೋಗಲಿಲ್ಲ. ಮರುವರ್ಷವೂ ನಮ್ಮನ್ನೇ ಕರೆದರು. ಆದರೆ ಪಾದ್ರಿಗಳು ಕೈ ಎತ್ತುವ ಮೊದಲು ರಂಗಪ್ಪನ ಎರಡು ಕೈಗೂ ಒಂದೊಂದು ಕೇಕು ಕೊಟ್ಟರು.

ಕ್ಲಾರಿನೆಟ್ ಕಲಿತು ಕೆಟ್ಟೆ ಅನಿಸಿದ್ದು ಆವಾಗಲೇ.