ದೊಡ್ಡಮ್ಮ ಆಡದ ಮಾತು

ಮೆಂತ್ಯ ಹುರಿದ ವಾಸನೆ ಬಂದರೆ ಯಾರಿಗಾದರೂ ಹಸಿವಾಗಬೇಕು. ನನಗೆ ಈಚೆಗೆ ಎದೆ ಡವಡವ ಅನ್ನುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ಕಡೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಕನ್ನಡಕದಂಗಡಿ ಇದೆ. ಕಳೆದ ತಿಂಗಳು ಲಿಂಗದಹಳ್ಳಿಯಿಂದ ಬಂದ ಹೆಂಗಸೊಬ್ಬರು ಹಳೆಯ ಕನ್ನಡಕ ಹುಡುಕುತ್ತಾ ಕೈಚೀಲದಲ್ಲಿದ್ದುದನ್ನೆಲ್ಲ ಗಾಜಿನ ಮೇಜಿನ ಮೇಲೆ ಸುರಿದರು. ಅದರಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ಸಡಿಲವಾಗಿ ಮೆಂತ್ಯದ ವಾಸನೆ ಅಂಗಡಿಗೆಲ್ಲ ಹರಡಿತು. ಡಬ್ಬಿಯ ಮೇಲಿನ ಚಿತ್ರದಲ್ಲಿ ಬಾಯ್ತುಂಬ ನಗುತ್ತಿದ್ದವಳು ಅಜ್ಜಂಪುರದ ನನ್ನ ದೊಡ್ಡಮ್ಮ, ನನ್ನ ತಾಯಿಯ ಅಕ್ಕ.

"ಇದೇನಮ್ಮಾ ಇದು?" ಎಂದೆ.

"ಸಕ್ಕರೆ ಕಾಯಿಲೆ ಪುಡಿ ಕಣ್ರೀ. ಮೊಬೈಲಲ್ಲಿ ಈ ಅಜ್ಜಿ ಹೇಳ್ತಾರಲ್ಲ, ನೋಡಿಲ್ವಾ? ನಾನೂ ಮಾತ್ರೆ ಬಿಟ್ಬಿಟ್ಟೆ."

"ಇವ್ರು ನಮ್ಮ ದೊಡ್ಡಮ್ಮ. ಈ ಪುಡೀನ ಕಣ್ಣಲ್ಲೂ ಕಂಡಿಲ್ಲ. ಮಾತ್ರೆ ಬಿಡ್ಬೇಡಿ, ಡಾಕ್ಟರನ್ನ ಕೇಳಿ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸುಮ್ನಿರಿ. ಅವ್ರ ಮುಖ ನೋಡಿದ್ರೇ ಗೊತ್ತಾಗುತ್ತೆ, ಸುಳ್ಳು ಹೇಳೋರಲ್ಲ."

ಆ ಮಾತು ನಿಜ. ನನಗೆ ಭಯವಾದದ್ದೂ ಅದಕ್ಕೇ.

ದೊಡ್ಡಮ್ಮನ ಸ್ವಭಾವ ನಿಮಗೆ ಗೊತ್ತಿಲ್ಲ. ತಾನು ಬಳಸದ ವಸ್ತುವಿನ ಬಗ್ಗೆ ಅವಳು ಬಾಯಿ ಬಿಟ್ಟವಳಲ್ಲ. ಬೀದಿಗೆ ಮೊದಲ ಕುಕ್ಕರ್ ಬಂದದ್ದು ಅವಳ ಮನೆಗೆ. ನೆರೆಹೊರೆಯ ಹೆಂಗಸರು ಬಂದು ಬಂದು ಕೇಳಿದರೂ ಅವಳದು ಒಂದೇ ಉತ್ತರ, "ತಡೀರೇ, ಇನ್ನೂ ಹೊಸದು." ಬೇಸಿಗೆ ಕಳೆದು ಮಳೆ ಹಿಡಿದ ಮೇಲೆ, ಒಂದು ಬೆಳಿಗ್ಗೆ ನೀರು ಹಿಡಿಯುವಾಗ, "ಕುಕ್ಕರ್ ಪರವಾಗಿಲ್ಲ ಕಣ್ರೇ, ತಗೊಳ್ಳಿ" ಎಂದಳಂತೆ. ಬೀದಿಯವರೆಲ್ಲ ಕೊಂಡರು. ತರೀಕೆರೆಯಿಂದ ಸೈಕಲ್ಲಿನಲ್ಲಿ ಸ್ಟೀಲ್ ಪಾತ್ರೆ ತರುತ್ತಿದ್ದ ವ್ಯಾಪಾರಿ ಮೊದಲು ಬಂದು ಕೂರುತ್ತಿದ್ದುದು ಅವಳ ಜಗಲಿಯಲ್ಲೇ. ನಾನೋ, ಅಂಗಡಿಗೆ ಬಂದವರಿಗೆಲ್ಲ "ಈ ಫ್ರೇಮು ನಿಮ್ಮ ಮುಖಕ್ಕೆ ಹೇಳಿ ಮಾಡಿಸಿದ ಹಾಗಿದೆ" ಅನ್ನುತ್ತೇನೆ. ಒಂದೇ ಫ್ರೇಮು ಅದೆಷ್ಟು ಮುಖಗಳಿಗೆ ಹೇಳಿ ಮಾಡಿಸಿದ್ದೋ! ನಮ್ಮ ವಂಶದ ಪ್ರಾಮಾಣಿಕತೆ ದೊಡ್ಡಮ್ಮನಲ್ಲೇ ಮುಗಿದುಹೋಗಿರಬೇಕು.

ನಾನು ಚಿಕ್ಕವನಿದ್ದಾಗ ತಲೆಗೂದಲಿನ ಎಣ್ಣೆ ಮಾರುವ ವ್ಯಾನೊಂದು ಮೈಕು ಕಟ್ಟಿಕೊಂಡು ಅಜ್ಜಂಪುರಕ್ಕೆ ಬಂದಿತ್ತು. ದೊಡ್ಡಮ್ಮನಿಗೆ ಮೊಣಕಾಲು ಮುಟ್ಟುವ ಜಡೆ. ವ್ಯಾನಿನವನು ಬಿಟ್ಟಾನೆಯೇ? ಒಂದು ಬಾಟಲಿ ಪುಕ್ಕಟೆ ಕೈಗಿಟ್ಟು, "ಎರಡು ಮಾತು ಹೇಳಿ ಅಕ್ಕಾ" ಎಂದು ಮೈಕು ಮುಂದೆ ಹಿಡಿದ. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಗಂಟಲು ಸರಿಮಾಡಿಕೊಂಡು ಹೇಳಿದಳು, "ಈ ಎಣ್ಣೆ ನಾನಿನ್ನೂ ಹಚ್ಚಿಲ್ಲ ಕಣ್ರೇ. ಹಚ್ಚಿ ನೋಡಿ ಹೇಳ್ತೀನಿ. ಅಲ್ಲೀವರ್ಗೂ ಯಾರೂ ತಗೋಬ್ಯಾಡಿ." ಅವಳ ಮಾತು ಪೇಟೆಯ ಕೊನೆಯವರೆಗೂ ಕೇಳಿಸಿತು. ವ್ಯಾನಿನವನು ಬಾಟಲಿಯನ್ನೂ ಬಿಟ್ಟು ಹೋದ. ಪಾಪ ಅನ್ನಿಸುತ್ತದೆ ಈಗ. ಸುಳ್ಳನೋ ಕಳ್ಳನೋ, ಬಿಸಿಲಲ್ಲಿ ನಮ್ಮೆದುರು ನಿಂತು ಬೆವರುತ್ತಿದ್ದ. ಬೈಯಬೇಕೆಂದರೆ ಅಲ್ಲೊಂದು ಮುಖವಿತ್ತು.

ಈಗಿನದು ಹಾಗಲ್ಲ. ದೊಡ್ಡಮ್ಮನ ಮೊಮ್ಮಗಳು ಸಿಂಚನಾ ತರೀಕೆರೆಯಲ್ಲಿ ಓದುವ ಹುಡುಗಿ. ಉಪ್ಪಿನಕಾಯಿಗೆ ಮೆಂತ್ಯ ಎಷ್ಟು ಹುರಿಯಬೇಕೆಂದು ಅಜ್ಜಿ ಹೇಳುತ್ತಿದ್ದುದನ್ನು ವಿಡಿಯೋ ಮಾಡಿ ಜಾಲತಾಣದಲ್ಲಿ ಹಾಕಿದಳು. ಜನ ಮೆಚ್ಚಿದರು. ಯಾರೋ ಪುಣ್ಯಾತ್ಮರು ಅದನ್ನೇ ತೆಗೆದುಕೊಂಡು, ಕಂಪ್ಯೂಟರಿನಲ್ಲಿ ತಿದ್ದಿ ಜಾಹೀರಾತು ಮಾಡಿದರು. ಅದೇ ಜಗಲಿ, ಅದೇ ಹಸಿರು ಸೀರೆ, ಕೈ ಬೀಸುವ ರೀತಿಯೂ ಅದೇ. ತುಟಿ ಮಾತ್ರ ಬೇರೆ ಮಾತಾಡುತ್ತದೆ: "ನಾನು ಬಳಸಿ ಹೇಳ್ತಿದೀನಿ ಕಣ್ರೇ. ಈ ಪುಡಿ ತಗೊಂಡ್ಮೇಲೆ ಸಕ್ಕರೆ ಮಾತ್ರೆ ಬಿಸಾಕ್ಬಿಟ್ಟೆ." ಧ್ವನಿಯೂ ಅವಳದೇ!

ಜಾಲತಾಣಕ್ಕೆ ದೂರು ಕೊಟ್ಟೆ. ಪರಿಶೀಲಿಸಿದೆವು, ನಮ್ಮ ನಿಯಮಕ್ಕೆ ವಿರುದ್ಧವಾದದ್ದೇನೂ ಕಾಣಲಿಲ್ಲ ಎಂಬ ಉತ್ತರ ಬಂತು. ಯಾರು ಪರಿಶೀಲಿಸಿದರು? ಅವರಿಗೊಬ್ಬ ದೊಡ್ಡಮ್ಮ ಇಲ್ಲವೇ? ಸಿಂಚನಾ ಪೊಲೀಸರಿಗೂ ಬರೆದುಕೊಟ್ಟಳು. ಒಂದು ಜಾಹೀರಾತು ಮಾಯವಾಯಿತು, ಬೇರೆ ಹೆಸರಿನಲ್ಲಿ ಮತ್ತೊಂದು ಬಂತು. ದೂರು ಕೊಡಲೆಂದು ನಾನು ಮತ್ತೆ ಮತ್ತೆ ನೋಡಿದ್ದೇ ತಪ್ಪಾಯಿತೇನೋ, ನಾನೇ ರೋಗಿಯೆಂದು ಮೊಬೈಲು ತೀರ್ಮಾನಿಸಿತು. ಸಕ್ಕರೆ ಅಳೆಯುವ ಯಂತ್ರ, ಮೆತ್ತನೆಯ ಚಪ್ಪಲಿ, ಎಲ್ಲ ಸಾಲಾಗಿ ಬಂದವು. ಕಾಲು ಜೋಮು ಹಿಡಿದಿದೆ ಎಂದು ಹೆಂಡತಿಗೆ ಹೇಳಿದೆ, ಸಂಜೆಗೆ ಜೋಮಿನ ಎಣ್ಣೆ ಹಾಜರು. ಈಗ ನಾವು ಮೊಬೈಲನ್ನು ಅಡುಗೆಮನೆಯ ಡಬ್ಬದೊಳಗಿಟ್ಟು ಮಾತಾಡುತ್ತೇವೆ. ನೋಡಿದವರು ಗಂಡಹೆಂಡಿರಿಬ್ಬರಿಗೂ ತಲೆ ಕೆಟ್ಟಿದೆ ಅಂದಾರು. ಅನ್ನಲಿ.

ಇದಿಷ್ಟೇ ಆಗಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು. ಹೋದ ವಾರ ಸಿಂಚನಾ ಫೋನ್ ಮಾಡಿ ಅಳತೊಡಗಿದಳು. "ಮಾವಾ, ಬೇಗ ಬಾ. ಅಜ್ಜಿ ಮಾತ್ರೆ ನುಂಗ್ತಾ ಇಲ್ಲ. ಅಮ್ಮನ ಮೊಬೈಲಲ್ಲಿ ಅದನ್ನ ನೋಡ್ಬಿಟ್ಟಿದೆ."

ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಇರುವುದು ನಿಜ. ಈಚೆಗೆ ಸ್ವಲ್ಪ ಮರೆವೂ ಸೇರಿಕೊಂಡಿದೆ. ಹೋಗಿ ನೋಡಿದರೆ ಮುಖ ಬಾಡಿತ್ತು, ಮಾತು ತೊದಲುತ್ತಿತ್ತು. ಅವಳ ಪಕ್ಕ ಕೂತು ಮಾತ್ರೆ ಕೈಗಿಟ್ಟೆ. ಅವಳು ಅದನ್ನು ತಟ್ಟೆಯಲ್ಲಿಟ್ಟಳು.

"ಬಿಟ್ಟಿದೀನಿ ಅಂತ ನಾನೇ ಹೇಳಿದೀನಲ್ಲೋ."

"ಅದು ನೀನಲ್ಲ ದೊಡ್ಡಮ್ಮಾ. ನಿನ್ನ ಹಾಗೆ ಮಾಡಿದ್ದಾರೆ."

"ನನ್ ಸೀರೆ ನಂಗೆ ಗೊತ್ತಿಲ್ವೇನೋ? ಬಳಸದೆ ನಾನು ಯಾವತ್ತಾದ್ರೂ ಹೇಳಿದೀನಾ, ನೀನೇ ಹೇಳು."

ಏನು ಹೇಳಲಿ? ಇಲ್ಲ ಎಂದರೆ ಮಾತ್ರೆ ತಟ್ಟೆಯಲ್ಲೇ ಉಳಿಯುತ್ತದೆ. ಹೌದು ಎಂದರೆ, ಇಷ್ಟು ವರ್ಷ ಅವಳು ಕಾಪಾಡಿಕೊಂಡು ಬಂದದ್ದನ್ನು ನನ್ನ ಬಾಯಿಂದಲೇ ಕಳೆದಂತಾಗುತ್ತದೆ. ನಾನು ಪುಕ್ಕಲ, ಅವಳು ಸತ್ತುಹೋದರೆ ಎಂಬ ಹೆದರಿಕೆ ಗೆದ್ದಿತು.

"ಹೇಳಿದೀಯ. ಆ ದಿನ ಮೊಬೈಲಲ್ಲಿ ನೀನು ಸುಳ್ಳು ಹೇಳ್ಬಿಟ್ಟೆ. ಈಗ ಮಾತ್ರೆ ತಗೋ."

ದೊಡ್ಡಮ್ಮ ಮಾತ್ರೆ ನುಂಗಿ, ನೀರು ಕುಡಿದು, ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಹೊರಡುವಾಗ ಹೋಗಿ ಬಾ ಎನ್ನಲಿಲ್ಲ.

ಅವಳ ಮೈ ಈಗ ಸುಧಾರಿಸಿದೆ. ಆದರೆ ನೆರೆಯವರು ಏನು ಕೇಳಿದರೂ, "ನನ್ನ ಕೇಳ್ಬ್ಯಾಡ್ರೇ" ಅನ್ನುತ್ತಾಳಂತೆ.

ನಿನ್ನೆ ಅಂಗಡಿಯಲ್ಲಿ ಮೊಬೈಲು ಬಡಿದುಕೊಂಡಿತು. "ನಾನು ಕಣೋ, ದೊಡ್ಡಮ್ಮ. ಮಾತ್ರೆ ತಗೊಂಡೆ." ನನಗೆ ಸಮಾಧಾನವಾಗಬೇಕಿತ್ತು. ಬದಲಿಗೆ, ಆ ಧ್ವನಿ ಅವಳದೋ, ಜಾಹೀರಾತಿನದೋ ಎಂದು ಕಿವಿ ಹುಡುಕತೊಡಗಿತು. "ದೊಡ್ಡಮ್ಮಾ, ನಿಜವಾಗ್ಲೂ ನೀನೇನಾ?" ಎಂದು ಕೇಳಿಯೇಬಿಟ್ಟೆ.

ಮೆಲ್ಲಗೆ, "ನಂಬ್ಕೆ ಇಲ್ದಿದ್ರೆ ಬಂದು ನೋಡೋ" ಎಂದಳು.

ಅಂಗಡಿಯ ಬಾಗಿಲೆಳೆದು ಅಜ್ಜಂಪುರದ ಬಸ್ಸು ಹತ್ತಿದೆ.